ಪದಚರ್ಚೆ: ಹೃದ್ರೋಗ ಇಲ್ಲದವರು ನುಂಗುವ ಸ್ಟ್ಯಾಟಿನ್‌ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ, ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಭಾನುವಾರ ಇಲ್ಲಿ ಹೃದಯ ತಪಾಸಣೆ ಶಿಬಿರ ಇದೆ. ಬೋರ್ಡ್ ಬರೆಯುವವರಿಗೆ ಇವತ್ತು ಸಂಜೆಯೊಳಗೆ ಬರಹ ಕೊಡಬೇಕು. ಡಾಕ್ಟರು ಇಂಗ್ಲಿಷ್‌ನಲ್ಲಿ ಬರೆದುಕೊಟ್ಟಿದ್ದಾರೆ. ಕನ್ನಡ ಮಾಡುವುದು ನನ್ನ ಪಾಲಿಗೆ ಬಂದಿದೆ.

ವಿಷಯ ಸ್ಟ್ಯಾಟಿನ್, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಹಾರ್ಟ್ ಅಟ್ಯಾಕ್ ಆದವರಿಗಲ್ಲ, ಇನ್ನೂ ಏನೂ ಆಗದವರಿಗೆ. ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಹೇಳಿದ್ದನ್ನು ಡಾಕ್ಟರು ಆಧಾರ ಮಾಡಿಕೊಂಡಿದ್ದಾರೆ. ವಯಸ್ಸು 40ರಿಂದ 75. ಬಿಪಿ, ಶುಗರ್, ಸಿಗರೇಟು, ಕೊಲೆಸ್ಟ್ರಾಲ್ ತೊಂದರೆ, ಇವುಗಳಲ್ಲಿ ಒಂದಾದರೂ ಇರಬೇಕು. ಮುಂದಿನ 10 ವರ್ಷದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗುವ ಲೆಕ್ಕ ನೂರಕ್ಕೆ 10 ಅಥವಾ ಜಾಸ್ತಿ ಬರಬೇಕು. ಅಂಥವರು ಈ ಮಾತ್ರೆಯ ಬಗ್ಗೆ ಕೇಳಿ ತಿಳಿಯಲಿ ಎಂದು ಬೋರ್ಡ್.

"ಕೊಬ್ಬು ಕರಗಿಸುವ ಮಾತ್ರೆ" ಅಂತ ಊರಲ್ಲಿ ಕೆಲವರು ಅನ್ನುತ್ತಾರೆ. ಡಾಕ್ಟರು ಅದು ಬೇಡವೇ ಬೇಡ ಎಂದರು. ಓದುವವರಲ್ಲಿ ತೋಟದ ಲೈನ್ ಮನೆಯವರು ಜಾಸ್ತಿ. ತಮಿಳು, ಮಲಯಾಳ ಮನೆಮಾತಿನವರೂ ಇದ್ದಾರೆ. ಸುಲಭದ ಪದ ಹೇಳಿ.

ಪೊನ್ನಂಪೇಟೆಯಿಂದ:

ಮೂಲ ನೋಡದೆ ಪದ ಕಟ್ಟಬಾರದು. ಕೊಲೆಸ್ಟ್ರಾಲ್ ಗ್ರೀಕ್ ಮೂಲದ ಮಾತು. ಖೊಲೆ ಅಂದರೆ ಪಿತ್ತ, ಸ್ಟೆರಿಯೊಸ್ ಅಂದರೆ ಗಟ್ಟಿ. ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. ಹಾಗಾಗಿ "ಪಿತ್ತಘನ". ಮಾತ್ರೆಗೆ "ಪಿತ್ತಘನಹರ". ಅರ್ಥಕ್ಕೂ ಸರಿ, ವ್ಯಾಕರಣಕ್ಕೂ ಸರಿ.

ಸೋಮವಾರಪೇಟೆಯಿಂದ:

ಬೇಡ. ನಮ್ಮ ಕಡೆ ಪಿತ್ತ ಅಂದರೆ ತಲೆಸುತ್ತು, ವಾಂತಿ.

ಅಚ್ಚಗನ್ನಡದ ಮದ್ದು ಇದೆಯಲ್ಲ? ಹಳಗನ್ನಡದಲ್ಲಿ ಮರ್ದು. ತಮಿಳಿನ ಮರುಂದು, ಮಲಯಾಳದ ಮರುನ್ನು, ತುಳುವಿನ ಮರ್ದ್ ಎಲ್ಲವೂ ಅದರ ಒಡಹುಟ್ಟು. ಲೈನ್ ಮನೆಯವರಿಗೆ ಬಿಡಿಸಿ ಹೇಳುವುದೇ ಬೇಡ. ಇನ್ನೂ ಒಂದು ಮಾತು. ಕೊಡವರ ಕಕ್ಕಡ ತಿಂಗಳ 18ರಂದು ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅದನ್ನು ತಿನ್ನುವವರು ಯಾರು? ಹಾಸಿಗೆ ಹಿಡಿದವರಲ್ಲ, ಗಟ್ಟಿಮುಟ್ಟಾಗಿರುವವರೇ. ಕಾಯಿಲೆ ಬರುವ ಮೊದಲೇ ತೆಗೆದುಕೊಳ್ಳುವುದನ್ನು ಮದ್ದು ಅನ್ನುವ ರೂಢಿ ಈ ನೆಲದಲ್ಲೇ ಇದೆ. ಕೊಲೆಸ್ಟ್ರಾಲ್‌ಗೆ ನೆಣ ಎನ್ನಿ. "ನೆಣ ಇಳಿಸುವ ಮದ್ದು." ಮುಗಿಯಿತು.

ವಿರಾಜಪೇಟೆಯಿಂದ:

ಮುಗಿಯಲಿಲ್ಲ ಸರ್. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ.

ನೆಣ ಅಂದರೆ ಹಂದಿ ಮಾಂಸದಲ್ಲಿ ಕಣ್ಣಿಗೆ ಕಾಣುವ ಬಿಳಿ ಪದರ. ಕೊಲೆಸ್ಟ್ರಾಲ್ ಅದಲ್ಲ. ಅದರ ಬಹುಪಾಲನ್ನು ನಮ್ಮ ಮೈಯೇ ಮಾಡಿಕೊಳ್ಳುತ್ತದೆ. ತೆಳ್ಳಗಿರುವವರ ರಕ್ತದಲ್ಲೂ ಜಾಸ್ತಿ ಇರಬಹುದು. ನೆಣ ಎಂದು ಬರೆದರೆ ಅವರು ಬೋರ್ಡ್ ದಾಟಿಕೊಂಡು ಹೋಗುತ್ತಾರೆ. ದಪ್ಪ ಇರುವವರು ಹೊಟ್ಟೆ ಕರಗುತ್ತದೆ ಅಂದುಕೊಂಡು ಬರುತ್ತಾರೆ. ಕೊಬ್ಬಿಗೂ ಇದೇ ತೊಂದರೆ. ಮೇಲಾಗಿ "ನಿನಗೆ ಕೊಬ್ಬು" ಎನ್ನುವುದು ಬೈಗುಳ ಅಲ್ವಾ?

"ಕರಗಿಸುವ" ಅಂತೂ ತಪ್ಪೇ. ಲಿವರ್ ಕೊಲೆಸ್ಟ್ರಾಲ್ ಮಾಡಲು ಬೇಕಾದ ಒಂದು ಕಿಣ್ವಕ್ಕೆ ಸ್ಟ್ಯಾಟಿನ್ ಅಡ್ಡ ನಿಲ್ಲುತ್ತದೆ. ತನ್ನಲ್ಲಿ ಕಡಿಮೆಯಾದಾಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು, ಅಂದರೆ ಕೆಟ್ಟ ಕೊಲೆಸ್ಟ್ರಾಲನ್ನು, ಹೆಚ್ಚು ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಮಟ್ಟ ಇಳಿಯುತ್ತದೆ. ಆದ್ದರಿಂದ "ಇಳಿಸುವ" ಸರಿ. ಅದಕ್ಕೆ ನನ್ನ ಒಪ್ಪಿಗೆ ಇದೆ.

ಮದ್ದುಸೊಪ್ಪಿನ ಪಾಯಸ ವರ್ಷಕ್ಕೊಮ್ಮೆ. ಸ್ಟ್ಯಾಟಿನ್ ದಿನಾ ನುಂಗಬೇಕು, ವರ್ಷಗಟ್ಟಲೆ. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಬೇಕು. ಕೆಲವರಿಗೆ ಶುಗರ್ ಸ್ವಲ್ಪ ಏರುತ್ತದೆ. ಮದ್ದು ಎಂದು ಬರೆದರೆ ಮನೆಮದ್ದಿನ ಹಾಗೆ ಬೇಕಾದಾಗ ನುಂಗಿ ಬೇಡವಾದಾಗ ಬಿಡುತ್ತಾರೆ. ಅಂಗಡಿಗೆ ಬಂದವರು ಕೇಳುವುದು "ಕೊಲೆಸ್ಟ್ರಾಲ್ ಮಾತ್ರೆ". ಅದನ್ನೇ ಬರೆಯಿರಿ. ಸ್ಟ್ಯಾಟಿನ್ ಅಂತಲೂ ಇರಲಿ. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಅಂತ ಡಾಕ್ಟರ ಚೀಟಿಯಲ್ಲಿ ಬಂದಾಗ ಗುರುತು ಹತ್ತುತ್ತದೆ.

ನನಗೆ ನಿಜವಾದ ಚಿಂತೆ "ತಡೆಯುವ" ಎನ್ನುವುದರದ್ದು. ಇಂಥ ಬೋರ್ಡುಗಳಲ್ಲಿ ಅದು ಬಂದೇ ಬರುತ್ತದೆ. "ಹೃದ್ರೋಗ ತಡೆಯುವ ಮಾತ್ರೆ" ಎಂದರೆ ನುಂಗಿದವರಿಗೆ ಹಾರ್ಟ್ ಅಟ್ಯಾಕ್ ಬರುವುದೇ ಇಲ್ಲ ಎಂದಾಯಿತು. ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ನಡೆದ, 1995ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಕೊಲೆಸ್ಟ್ರಾಲ್ ಜಾಸ್ತಿ ಇದ್ದ, ಅದುವರೆಗೆ ಹಾರ್ಟ್ ಅಟ್ಯಾಕ್ ಆಗಿರದ 6,595 ಗಂಡಸರು. ಸುಮಾರು 5 ವರ್ಷ. ಔಷಧವೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಹಾರ್ಟ್ ಅಟ್ಯಾಕ್ ಆಯಿತು, ಇಲ್ಲವೇ ಹೃದ್ರೋಗದಿಂದ ಸಾವು ಬಂತು. ಪ್ರವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಅದು ಐದೂವರೆ. ಕಡಿಮೆಯಾದದ್ದು ನಿಜ. ಆದರೆ ಹೆಚ್ಚಿನವರಿಗೆ ಮಾತ್ರೆ ಇಲ್ಲದಿದ್ದರೂ ಆ 5 ವರ್ಷ ಏನೂ ಆಗುತ್ತಿರಲಿಲ್ಲ. ಚೆನ್ನಾಗಿರುವವರನ್ನು ಕರೆದು ದಿನಾ ಮಾತ್ರೆ ನುಂಗಿ ಎನ್ನುವಾಗ ಇದನ್ನು ಮುಚ್ಚಿಡಬಾರದು. "ಬರುವ ಸಂಭವ ಕಡಿಮೆ ಮಾಡುವ" ಎಂದೇ ಬರೆಯಿರಿ.

ಸೋಮವಾರಪೇಟೆಯಿಂದ:

ಅಂಗಡಿ ಮಾತೇ ಸಾಕಾದರೆ ಪದಚರ್ಚೆ ಯಾಕೆ ಮೇಡಂ? ಕೊಲೆಸ್ಟ್ರಾಲ್, ಲಿವರ್, ಹಾರ್ಟ್ ಅಟ್ಯಾಕ್. ಕನ್ನಡದ್ದಾಗಿ ಉಳಿದಿರುವುದು ಕ್ರಿಯಾಪದ ಮಾತ್ರ.

ಕುಶಾಲನಗರದಿಂದ:

ಕಾಫಿಯೂ ಎರವಲು ಪದವೇ. ಕೊಡಗಿನಲ್ಲಿ ಯಾರೂ ಅದಕ್ಕೆ ಬೇರೆ ಹೆಸರು ಹುಡುಕಲಿಲ್ಲ. ಸುಮ್ನೆ ಎಳೆಯಬೇಡಿ.

ಸೋಮವಾರಪೇಟೆಯಿಂದ:

ಕಾಫಿ ಗಿಡ ಹೊರಗಿಂದ ಬಂತು, ಹೆಸರೂ ಜೊತೆಗೇ ಬಂತು. ಗುಂಡಿಗೆ, ನೆತ್ತರು ನಮ್ಮಲ್ಲಿ ಮೊದಲೇ ಇದ್ದವು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪೊನ್ನಂಪೇಟೆಯಿಂದ:

ಗುಂಡಿಗೆ ಅಂದರೆ ಎದೆಗಾರಿಕೆ ಅಂತಲೂ ಆಗುತ್ತದೆ. ಹೃದಯವೇ ಇರಲಿ. ಪಿತ್ತಘನಕ್ಕೆ ಇನ್ನೂ ಯಾರೂ ಗಟ್ಟಿಯಾದ ಆಕ್ಷೇಪ ಹೇಳಿಲ್ಲ.

ಮಡಿಕೇರಿಯಿಂದ:

ಬೋರ್ಡಿನವರು ಫೋನ್ ಮಾಡಿದರು. ಹೀಗೆ ಕಳಿಸುತ್ತಿದ್ದೇನೆ: "ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಹಾರ್ಟ್ ಅಟ್ಯಾಕ್ ಬರುವ ಸಂಭವ ಕಡಿಮೆ ಮಾಡುತ್ತದೆ. ನಿಮಗೆ ಬೇಕೇ, ಬೇಡವೇ? ಡಾಕ್ಟರನ್ನು ಕೇಳಿ."

ಸೋಮವಾರಪೇಟೆಯಿಂದ:

"ಸಂಭವ" ತೆಗೆಯಿರಿ. "ಹಾರ್ಟ್ ಅಟ್ಯಾಕ್ ಕಡಿಮೆ ಮಾಡುತ್ತದೆ" ಸಾಕು.

ವಿರಾಜಪೇಟೆಯಿಂದ:

ಸಾಲದು. ಬಂದ ಅಟ್ಯಾಕ್ ಜೋರಾಗಿರುವುದಿಲ್ಲ ಎಂದು ಓದಿಕೊಳ್ಳುತ್ತಾರೆ. ಎದೆನೋವು ಬಂದಾಗಲೂ ಮಾತ್ರೆ ನುಂಗಿದ್ದೇನಲ್ಲ ಎಂದು ಮನೆಯಲ್ಲೇ ಕೂರುತ್ತಾರೆ. ಸಂಭವ ಇರಲಿ.