9 ಎಂಎಂ ಮೈನರ್‌ಗೆ 124 ಗ್ರೇನ್ ಗುಂಡೋ, 147 ಗ್ರೇನೋ? ಪೌಡರ್ ಯಾವುದು?

ಹೊಸಪ್ರೆಸ್:

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ಅಂಗಡಿಯಲ್ಲಿ ಸಿಗುವ 115 ಗ್ರೇನ್ ಫ್ಯಾಕ್ಟರಿ ಗುಂಡಿನಲ್ಲೇ ಸ್ಪರ್ಧೆಗೆ ಇಳಿಯುತ್ತಿದ್ದೆ. ಈಗ ಮನೆಯಲ್ಲೇ ರೌಂಡ್ ಮಾಡಿಕೊಳ್ಳಲು ಒಂದು ಪ್ರೋಗ್ರೆಸಿವ್ ಪ್ರೆಸ್ (ಹಿಡಿಕೆ ಎಳೆದಂತೆ ಹಂತಹಂತವಾಗಿ ರೌಂಡ್ ಕಟ್ಟುವ ಯಂತ್ರ) ತೆಗೆದುಕೊಂಡಿದ್ದೇನೆ. ಡೈಗಳನ್ನು, ಅಂದರೆ ಅದರ ಅಚ್ಚುಗಳನ್ನು, ಹೊಂದಿಸಿಯೂ ಆಗಿದೆ, ಆದರೆ ಗುಂಡು ಯಾವುದು, ಪೌಡರ್ ಯಾವುದು ಅನ್ನುವಲ್ಲೇ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಆಡುವುದು ಐಪಿಎಸ್‌ಸಿ ಪ್ರೊಡಕ್ಷನ್ ಆಪ್ಟಿಕ್ಸ್, ಪ್ರಾಯೋಗಿಕ ಶೂಟಿಂಗ್ ಸ್ಪರ್ಧೆಯಲ್ಲಿ ಡಾಟ್ ಸೈಟ್ ಪಿಸ್ತೂಲಿನ ವಿಭಾಗ. ಅಂದರೆ ಮೈನರ್ (ಕಡಿಮೆ ಶಕ್ತಿಯ ಗುಂಡಿನ ವರ್ಗ) ಮಾತ್ರ, ಪವರ್ ಫ್ಯಾಕ್ಟರ್ 125 ಮುಟ್ಟಿದರೆ ಸಾಕು.

ಒಬ್ಬರು 147 ಹಾಕಿ, ಬೆಣ್ಣೆ ಹಾಗಿರುತ್ತದೆ ಅನ್ನುತ್ತಾರೆ. ಇನ್ನೊಬ್ಬರು 147 ಹಾಕಿದರೆ ಸ್ಲೈಡ್ (ಪಿಸ್ತೂಲಿನ ಹಿಂದೆ ಮುಂದೆ ಓಡುವ ಮೇಲ್ಭಾಗ) ಆಗ ತಾನೇ ನಿದ್ದೆಯಿಂದ ಎದ್ದ ಹಾಗೆ ಓಡುತ್ತದೆ, 124 ಹಾಕಿ ಅನ್ನುತ್ತಾರೆ. ಪೌಡರ್ ಕೇಳಿದರಂತೂ ಹತ್ತು ಜನ ಹತ್ತು ಹೆಸರು. ಟೈಟ್‌ಗ್ರೂಪ್ ಒಂದು ಡಬ್ಬ ಆಗಲೇ ಮನೆಯಲ್ಲಿದೆ, ಸ್ವಲ್ಪ ಹಾಕಿದರೆ ಸಾಕಾಗುತ್ತದಲ್ಲಾ ಎಂಬ ಆಸೆಗೆ ತಂದದ್ದು. ಪವರ್ ಫ್ಯಾಕ್ಟರ್ ಒಂದೇ ಆದರೆ ಒದೆತವೂ ಒಂದೇ ಇರಬೇಕಲ್ವಾ? ಮತ್ತೆ ಈ ಗಲಾಟೆ ಎಲ್ಲ ಯಾಕೆ?

ಹಳೇತಕ್ಕಡಿ:

ಕೊನೇ ಪ್ರಶ್ನೆಯೇ ಅಸಲಿ ಪ್ರಶ್ನೆ ಸರ್, ಅದರಿಂದಲೇ ಶುರು ಮಾಡೋಣ. ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಇಷ್ಟು ಅಡಿ, ಎರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. 130 ಬೇಕು ಅಂದುಕೊಳ್ಳಿ. 115 ಗ್ರೇನ್ ಗುಂಡು 1131 ಅಡಿ ವೇಗದಲ್ಲಿ ಹೋಗಬೇಕು. 124 ಆದರೆ 1050 ಸಾಕು. 147ಕ್ಕೆ 885. ಲೆಕ್ಕದಲ್ಲಿ ಮೂರೂ ಒಂದೇ.

ಕೈಗೆ ಮಾತ್ರ ಒಂದೇ ಅಲ್ಲ. ಬ್ಯಾರೆಲ್ ಬಾಯಿಂದ ಗುಂಡೊಂದೇ ಹೊರಗೆ ಹೋಗುವುದಿಲ್ಲ, ಉರಿದ ಪೌಡರ್ ಕೂಡ ಗ್ಯಾಸ್ ಆಗಿ ಹೋಗುತ್ತದೆ, ಅದೂ ಗುಂಡಿಗಿಂತ ಎಷ್ಟೋ ಜೋರಾಗಿ. ಅದರ ಒದೆತವೂ ನಿಮ್ಮ ಕೈಗೇ ಬರುತ್ತದೆ, ಆದರೆ ಪವರ್ ಫ್ಯಾಕ್ಟರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಭಾರದ ಗುಂಡು, ಬೇಗ ಉರಿಯುವ ಪೌಡರ್ ಅಂದರೆ ಪೌಡರ್ ಕಡಿಮೆ, ಗ್ಯಾಸ್ ಕಡಿಮೆ, ಸದ್ದೂ ಕಡಿಮೆ. ಹಗುರ ಗುಂಡನ್ನು ನಿಧಾನ ಉರಿಯುವ ಪೌಡರ್‌ನಿಂದ ಓಡಿಸಿದರೆ ಎಲ್ಲವೂ ಉಲ್ಟಾ. ಓಪನ್ ವಿಭಾಗದವರು ಬೇಕು ಅಂತಲೇ ಹಾಗೆ ಮಾಡುತ್ತಾರೆ. ಎಚ್‌ಎಸ್-6, 3ಎನ್38 ತರಹದ ಪೌಡರನ್ನು ಕೇಸ್ (ರೌಂಡಿನ ಹಿತ್ತಾಳೆ ಕೋಶ) ತುಂಬ ಹಾಕುತ್ತಾರೆ, ಯಾಕೆಂದರೆ ಅವರ ಕಾಂಪೆನ್ಸೇಟರ್‌ಗೆ (ಗ್ಯಾಸನ್ನು ಮೇಲಕ್ಕೆ ತಿರುಗಿಸಿ ಬ್ಯಾರೆಲ್ ಏಳದಂತೆ ತಡೆಯುವ ಭಾಗ) ಗ್ಯಾಸ್ ಬೇಕು. ನಿಮ್ಮ ಪಿಸ್ತೂಲಿಗೆ ಕಾಂಪೆನ್ಸೇಟರ್ ಇಲ್ಲ. ಸುಮ್ನೆ ಗ್ಯಾಸ್ ಜಾಸ್ತಿ ಮಾಡಿ ನಿಮಗೇನು ಸಿಗುತ್ತದೆ?

ಟೈಟ್‌ಗ್ರೂಪ್ ಬಗ್ಗೆ ಒಂದು ಮಾತು. ಪೌಡರ್ ಕೆಟ್ಟದ್ದಲ್ಲ. ಕೇಸ್ ಒಳಗೆ ಎಲ್ಲಿ ಬಿದ್ದಿದ್ದರೂ ಒಂದೇ ತರಹ ಉರಿಯುತ್ತದೆ. ಆದರೆ ಅಷ್ಟು ಚೂರು ಪೌಡರ್ ಕೇಸ್ ತಳದಲ್ಲಿ ಕಾಣಿಸುವುದೇ ಕಷ್ಟ. ಎರಡು ಸಲ ಬಿದ್ದರೂ ತುಳುಕುವುದಿಲ್ಲ. ಪ್ರೆಸ್ ಹಿಡಿದ ಮೊದಲ ವರ್ಷ ನನ್ನದು ಹೀಗಾಯಿತು. ಪ್ರೈಮರ್ ಸಿಕ್ಕಿಕೊಂಡಿತು ಅಂತ ಹಿಡಿಕೆಯನ್ನು ಅರ್ಧಕ್ಕೇ ಮೇಲೆತ್ತಿ ಸರಿಮಾಡಿ ಮತ್ತೆ ಎಳೆದೆ. ಅಷ್ಟರಲ್ಲಿ ಅದೇ ಕೇಸ್‌ಗೆ ಎರಡನೇ ಸಲ ಪೌಡರ್ ಇಳಿದಿತ್ತು. ಗುಂಡು ಕೂರಿಸುವ ಮೊದಲು ಯಾಕೋ ಬಗ್ಗಿ ನೋಡಿದೆ, ಪಕ್ಕದ ಕೇಸ್‌ನಲ್ಲಿ ತಳ, ಇದರಲ್ಲಿ ಅರ್ಧದ ಹತ್ತಿರ. ಆವತ್ತು ಪ್ರೆಸ್ ನಿಲ್ಲಿಸಿ, ಡಬ್ಬದಲ್ಲಿದ್ದ ಇನ್ನೂರು ಚಿಲ್ಲರೆ ರೌಂಡನ್ನೂ ಒಂದೊಂದಾಗಿ ಬಿಚ್ಚಿದೆ. ಬೇರೆ ಯಾವುದರಲ್ಲೂ ತಪ್ಪಿರಲಿಲ್ಲ. ಆದರೂ ನಿದ್ದೆ ಬರಲಿಲ್ಲ.

ಅದಕ್ಕೇ ಹೊಸಬರಿಗೆ ನನ್ನ ಸಲಹೆ, ಜಾಗ ಜಾಸ್ತಿ ತಿನ್ನುವ ಪೌಡರ್. ಎನ್320 ತೆಗೆದುಕೊಳ್ಳಿ, ಎರಡು ಸಲ ಬಿದ್ದರೆ ಕೇಸ್ ಬಾಯಿಗೇ ಬಂದು ಕೂರುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಉರಿದ ಮೇಲೆ ಮಸಿಯೂ ಕಡಿಮೆ. ಡಬ್ಲ್ಯೂ231 ಕೂಡ ಒಳ್ಳೆಯದು, ಅಳತೆಗೋಲಿನಲ್ಲಿ ನೀರಿನ ಹಾಗೆ ಇಳಿಯುತ್ತದೆ, ಎಚ್‌ಪಿ-38 ಅನ್ನುವುದೂ ಅದೇ ಪೌಡರ್, ಡಬ್ಬ ಮಾತ್ರ ಬೇರೆ.

ಎಷ್ಟು ಗ್ರೇನ್ ಹಾಕಬೇಕು ಅಂತ ನಾನು ಬರೆಯುವುದಿಲ್ಲ, ಬೇರೆಯವರು ಬರೆದರೂ ನಂಬಬೇಡಿ. ಪೌಡರ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗುಂಡಿಗೆ ಕೊಟ್ಟ ಆರಂಭದ ಅಳತೆಯಿಂದ ಶುರು ಮಾಡಿ ಮೇಲೆ ಬನ್ನಿ.

ಡಾಟ್‌ಹುಚ್ಚ:

ಹಳೇತಕ್ಕಡಿ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಮೆತ್ತಗಿದೆ ಅನ್ನುವುದಕ್ಕೂ ಬೇಗ ಇದೆ ಅನ್ನುವುದಕ್ಕೂ ವ್ಯತ್ಯಾಸ ಇದೆ ಮಾರಾಯರೇ. ನಾನು ಎರಡು ಸೀಸನ್ 147 ಹೊಡೆದವನು. ಕೈಗೆ ಹಿತವಾಗಿತ್ತು, ಒಪ್ಪುತ್ತೇನೆ. ಆದರೆ ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವುದಕ್ಕೆ ಕಾಯಬೇಕು ಅನ್ನಿಸುತ್ತಿತ್ತು. ಸೈಟ್‌ನ ಗುರಿಚುಕ್ಕೆ, ಅಂದರೆ ಡಾಟ್, ಮೇಲೆದ್ದು, ಅಲ್ಲೇ ಸ್ವಲ್ಪ ತೂಗಾಡಿ, ಆಮೇಲೆ ಇಳಿಯುತ್ತಿತ್ತು. 124ಕ್ಕೆ ಬಂದಾಗ ಒದೆತ ಚುರುಕಾಯಿತು, ಸದ್ದು ಜಾಸ್ತಿಯಾಯಿತು, ಆದರೆ ಡಾಟ್ ಟಕ್ ಅಂತ ಹೋಗಿ ಟಕ್ ಅಂತ ವಾಪಸ್.

ಇದು ನನ್ನ ಕೈ, ನನ್ನ ಹಿಡಿತ, ನನ್ನ ಪಿಸ್ತೂಲಿನ ಸ್ಪ್ರಿಂಗ್. ನಿಮ್ಮದು ಬೇರೆ ಇರಬಹುದು. ಮೆತ್ತಗಿನ ಲೋಡ್‌ಗೆ ರಿಕಾಯಿಲ್ ಸ್ಪ್ರಿಂಗ್ ಒಂದು ಹಂತ ಹಗುರ ಮಾಡಿದರೆ 147 ಕೂಡ ಚೆನ್ನಾಗಿ ಓಡುತ್ತದೆ. ಫ್ಯಾಕ್ಟರಿ ಸ್ಪ್ರಿಂಗ್ ಇಟ್ಟುಕೊಂಡು, ಲೋಡ್ ಕೆಳಗಿಳಿಸುತ್ತಾ ಹೋಗಿ, ಖಾಲಿ ಕೇಸ್ ಮೊಣಕೈ ಮೇಲೆ ಬೀಳುತ್ತಿದೆ ಅಂತ ಗುಂಡನ್ನು ಬೈಯುವವರನ್ನು ತುಂಬಾ ನೋಡಿದ್ದೇನೆ.

ಹೀಗೆ ಮಾಡಿ. ಎರಡೂ ತೂಕದ್ದು ನೂರು ನೂರು ಮಾಡಿ, ಎರಡೂ 130ರ ಹತ್ತಿರ ಇರಲಿ. ಯಾವುದು ಯಾವುದು ಅಂತ ನಿಮಗೆ ಹೇಳದೆ ಗೆಳೆಯನೊಬ್ಬ ಮ್ಯಾಗಜೀನ್ ತುಂಬಿ ಕೊಡಲಿ. ಏಳು ಮೀಟರ್‌ನಲ್ಲಿ ಬಿಲ್ ಡ್ರಿಲ್ (ಒಂದೇ ಗುರಿಗೆ ಬೇಗ ಬೇಗ ಹೊಡೆಯುವ ಅಭ್ಯಾಸ), ಆರು ಗುಂಡು, ಟೈಮರ್ ಹಾಕಿ. ಎರಡು ಗುಂಡಿನ ನಡುವಿನ ಸಮಯ ಮತ್ತು ಗುರಿಯ ನಡುವಿನ ಎ ವಲಯದಲ್ಲಿ ಎಷ್ಟು ಬಿತ್ತು, ಇವೆರಡನ್ನೇ ಬರೆದುಕೊಳ್ಳಿ. ಮೈನರ್‌ನಲ್ಲಿ ಎಗೆ 5, ಸಿಗೆ 3, ಡಿಗೆ 1 ಅಂಕ. ಹೆಚ್ಚು ಪವರ್ ಫ್ಯಾಕ್ಟರ್‌ನ ಮೇಜರ್‌ನವರಿಗೆ ಸಿಗೆ 4 ಸಿಗುತ್ತದೆ, ನಮಗಿಲ್ಲ. ಸಿ ಹೊಡೆದರೆ ನಮಗೆ ಸುಡುತ್ತದೆ. ಹಾಗಾಗಿ ಕೈಗೆ ಹೇಗನ್ನಿಸಿತು ಅನ್ನುವುದು ಆಮೇಲೆ.

ಪ್ಲಂಕ್:

ಇಬ್ಬರೂ ಬಿಟ್ಟ ಒಂದು ವಿಷಯ. 147 ಗುಂಡು ಉದ್ದ. ರೌಂಡಿನ ಒಟ್ಟು ಉದ್ದ ಅಷ್ಟೇ ಇಟ್ಟರೆ ಗುಂಡು ಕೇಸ್ ಒಳಗೆ ಜಾಸ್ತಿ ಇಳಿಯುತ್ತದೆ, ಪೌಡರ್‌ಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. 9 ಎಂಎಂ ಮೊದಲೇ ಪುಟ್ಟ ಕೇಸ್. ಸ್ಯಾಮಿ (ಅಮೆರಿಕದ ಮದ್ದುಗುಂಡು ಮಾನಕ ಸಂಸ್ಥೆ) ಹಾಕಿದ ಒತ್ತಡದ ಮಿತಿ 35,000 ಪಿಎಸ್‌ಐ. ಬೇಗ ಉರಿಯುವ ಪೌಡರ್‌ನಲ್ಲಿ ಗುಂಡು ಚೂರೇ ಚೂರು ಒಳಗೆ ಹೋದರೂ ಒತ್ತಡ ಸರ್ರನೆ ಮೇಲೆ ಹೋಗುತ್ತದೆ. ಆದ್ದರಿಂದ 124ರ ಪೌಡರ್ ಅಳತೆಯನ್ನು 147ಕ್ಕೆ ಹಾಕುವ ಯೋಚನೆಯನ್ನೂ ಮಾಡಬೇಡಿ. ಹಾಗೆಯೇ ಪಟ್ಟಿಯಲ್ಲಿ ಕೊಟ್ಟ ಉದ್ದಕ್ಕಿಂತ ಗಿಡ್ಡ ಕೂರಿಸಬೇಕಾಗಿ ಬಂದರೆ ಪೌಡರ್ ಇಳಿಸಿ ಮತ್ತೆ ಕೆಳಗಿನಿಂದ ಶುರು ಮಾಡಿ.

ಗಿಡ್ಡ ಯಾಕೆ ಕೂರಿಸಬೇಕು ಅಂದರೆ ನಿಮ್ಮ ಬ್ಯಾರೆಲ್ ಹೇಳುತ್ತದೆ. 9 ಎಂಎಂಗೆ ಗರಿಷ್ಠ ಉದ್ದ 1.169 ಇಂಚು ಅಂತಿದ್ದರೂ ಅಷ್ಟು ಉದ್ದ ಎಲ್ಲ ಚೇಂಬರ್‌ನಲ್ಲೂ ಹಿಡಿಯುವುದಿಲ್ಲ. ಸಿಝಡ್‌ನಂತಹ ಪಿಸ್ತೂಲುಗಳಲ್ಲಿ ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು) ಬೇಗ ಶುರುವಾಗುತ್ತದೆ. ಬ್ಯಾರೆಲ್ ಬಿಚ್ಚಿ, ಬಾಯಿ ಕೆಳಗೆ ಮಾಡಿ ಹಿಡಿದು, ಪ್ರೈಮರ್ ಮತ್ತು ಪೌಡರ್ ಇಲ್ಲದ ಡಮ್ಮಿ ರೌಂಡನ್ನು ಒಳಗೆ ಬಿಡಿ. ಟಣ್ ಅಂತ ಸದ್ದು ಬರಬೇಕು. ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಬ್ಯಾರೆಲ್ ಬಾಯಿ ಮೇಲೆ ಮಾಡಿದರೆ ತಾನಾಗಿ ಜಾರಿ ಬೀಳಬೇಕು. ತಿರುಗಿಸುವಾಗ ಕಚ್ಚಿದ ಹಾಗಾದರೆ ಗುಂಡು ರೈಫ್ಲಿಂಗ್‌ಗೆ ತಾಗುತ್ತಿದೆ. ಗುಂಡಿನ ಮೇಲೆ ಸಣ್ಣ ಗೀರುಗಳೂ ಕಾಣಿಸುತ್ತವೆ, ಕೋಟೆಡ್ (ಮೇಲೆ ಲೇಪ ಹಚ್ಚಿದ ಸೀಸದ) ಗುಂಡಿನಲ್ಲಂತೂ ಎದ್ದು ಕಾಣುತ್ತವೆ. ಕೋಟೆಡ್ ಗುಂಡುಗಳ ಮೂಗು ಸಾಮಾನ್ಯವಾಗಿ ದಪ್ಪ.

ಕ್ರಿಂಪ್ (ಗುಂಡು ಕೂರಿಸಿದ ಮೇಲೆ ಕೇಸ್ ಬಾಯಿ ಒತ್ತುವುದು) ಬಿಗಿ ಮಾಡಬೇಡಿ. ಕೇಸ್ ಬಾಯಿ ಅಗಲಿಸಿದ್ದನ್ನು ನೇರ ಮಾಡುವಷ್ಟು ಸಾಕು. ಕೋಟಿಂಗ್ ಕೊಯ್ದು ಹೋದರೆ ಗುಂಡು ಪೇಪರ್‌ನಲ್ಲಿ ಅಡ್ಡಡ್ಡ ತೂತು ಮಾಡುತ್ತದೆ, ನೀವು ಪೌಡರ್ ಮೇಲೆ ಅನುಮಾನ ಪಡುತ್ತಾ ಕೂರುತ್ತೀರಿ. ಇನ್ನೊಂದು, ಕೋಟೆಡ್ ಗುಂಡಿಗೆ ಟೈಟ್‌ಗ್ರೂಪ್ ಹಾಕಿದರೆ ಹೊಗೆ ಜಾಸ್ತಿ, ಬಿಸಿಯಾಗಿ ಉರಿಯುತ್ತದೆ. ಒಳಾಂಗಣದಲ್ಲಿ ಡಾಟ್ ಗಾಜಿನ ಮುಂದೆ ಅದೇ ಸುತ್ತಾಡುತ್ತದೆ.

ಹಳೇತಕ್ಕಡಿ:

ಪ್ಲಂಕ್ ಅವರಿಗೆ ಜೈ. ಇನ್ನು 125 ಮುಟ್ಟಿದರೆ ಸಾಕು ಅಂತ ಬರೆದಿದ್ದೀರಲ್ಲ, ಅದು ಸಾಕಾಗುವುದಿಲ್ಲ ಸರ್. 147 ಗುಂಡು 850ರಲ್ಲಿ ಹೋದರೆ ಎಷ್ಟು? 124.95. ನಿಯಮದಲ್ಲಿ ದಶಮಾಂಶವನ್ನು ಕೈಬಿಡುತ್ತಾರೆ, ಮೇಲಕ್ಕೆ ಏರಿಸುವುದಿಲ್ಲ. ಅಂದರೆ ಅದು 124. ಮೇಜರ್ ತಪ್ಪಿದವನಿಗೆ ಮೈನರ್ ಅಂಕ ಸಿಗುತ್ತದೆ, ಮೈನರ್ ತಪ್ಪಿದವನು ಮ್ಯಾಚ್ ಆಡಬಹುದು, ಅಂಕ ಮಾತ್ರ ಇಲ್ಲ.

ಒಂದು ಮ್ಯಾಚ್‌ನಲ್ಲಿ ನನ್ನ ಪಕ್ಕದವನಿಗೆ ಆದದ್ದು ಹೇಳುತ್ತೇನೆ. ಡಬ್ಬದ ಮೇಲೆ 147 ಅಂತ ಬರೆದಿತ್ತು, ಮನೆಯಲ್ಲಿ 860 ಬರುತ್ತಿತ್ತು, 126 ಇದೆ ಅಂತ ಆರಾಮಾಗಿದ್ದ. ವೇಗ ಅಳೆಯುವ ಕ್ರೋನೋ ಮೇಜಿನಲ್ಲಿ ಮೊದಲು ಮಾಡುವುದೇ ಒಂದು ರೌಂಡ್ ಬಿಚ್ಚಿ ಗುಂಡನ್ನು ತೂಗುವುದು. ತಕ್ಕಡಿ 145 ತೋರಿಸಿತು. ಅದೇ 860, ಈಗ 124.7. ಮೂರು ಹೊಡೆದ, ಸಾಲಲಿಲ್ಲ. ಇನ್ನೂ ಮೂರು ಹೊಡೆಸಿದರು, ಆರರಲ್ಲಿ ಜೋರಾಗಿ ಹೋದ ಮೂರನ್ನು ಹಿಡಿದರೆ ಕೂದಲೆಳೆಯಲ್ಲಿ ಪಾರಾದ. ಮುಖ ನೋಡಬೇಕಿತ್ತು, ಬೆವರು.

ಹಾಗಾಗಿ ಗುಂಡುಗಳನ್ನು ನೀವೇ ತೂಗಿ, ಇಪ್ಪತ್ತು ತೂಗಿದರೂ ಸಾಕು, ಅದರಲ್ಲಿ ಹಗುರವಾದದ್ದನ್ನು ಹಿಡಿದು ಲೆಕ್ಕ ಹಾಕಿ. ಚಳಿಯಲ್ಲೂ ಬಿಸಿಲಲ್ಲೂ ಒಮ್ಮೊಮ್ಮೆ ವೇಗ ಅಳೆಯಿರಿ. ನಾನು 130ರಿಂದ 132ರ ನಡುವೆ ಇಡುತ್ತೇನೆ. ಒದೆತದಲ್ಲಿ ಆ ಐದಾರು ಅಂಕದ ವ್ಯತ್ಯಾಸ ನನಗಂತೂ ಗೊತ್ತಾಗುವುದಿಲ್ಲ, ಗೊತ್ತಾಗುತ್ತದೆ ಅನ್ನುವವರಿಗೆ ಕೈಮುಗಿದೆ.

ಹೊಸಪ್ರೆಸ್:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬ್ಯಾರೆಲ್ ಬಿಚ್ಚಿ ಡಮ್ಮಿ ಹಾಕಿ ನೋಡಿದೆ. 124 ರೌಂಡ್‌ನೋಸ್ ಟಣ್ ಅಂತ ಬಿದ್ದು ಸಲೀಸಾಗಿ ತಿರುಗಿತು. 147 ಕೋಟೆಡ್ ಚಪ್ಪಟೆ ಮೂಗಿನದು ಅದೇ ಉದ್ದಕ್ಕೆ ಕಚ್ಚಿಕೊಂಡು ಕೂತಿತು. ಹೊರಗೆ ಬರಲಿಕ್ಕೆ ತಟ್ಟಬೇಕಾಯಿತು, ಮೂಗಿನ ಸುತ್ತ ಆರು ಗೀರು, ಎಣಿಸಿದೆ. ಕೋಟೆಡ್ ಗುಂಡು ಹತ್ತು ತೂಗಿದೆ, ಅತಿ ಹಗುರದ್ದು 145.8.

ಟೈಟ್‌ಗ್ರೂಪ್ ಡಬ್ಬ ಸದ್ಯಕ್ಕೆ ಕಪಾಟಿನ ಮೇಲಿನ ಅರೆಗೆ ಹೋಯಿತು. ಎನ್320 ತರಿಸುತ್ತಿದ್ದೇನೆ, ಮೊದಲು 124ರಲ್ಲೇ ಶುರು. ಗೆಳೆಯ ಮ್ಯಾಗಜೀನ್ ತುಂಬಿ ಕೊಡುವ ಪರೀಕ್ಷೆಯನ್ನು 147ಕ್ಕೆ ಸರಿಯಾದ ಉದ್ದ ಸಿಕ್ಕ ಮೇಲೆ ಮಾಡುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿಯಿತು: ಪೌಡರ್ ಹಾಕಿದ ಮೇಲೆ ಕೇಸ್ ಒಳಗೆ ಕಾಣಲಿಕ್ಕೆ ಪ್ರೆಸ್‌ಗೆ ಲೈಟ್ ಹಾಕಿಕೊಳ್ಳುವುದೋ, ಪೌಡರ್ ಅಳತೆ ತಪ್ಪಿದರೆ ಕೂಗುವ ಪೌಡರ್ ಚೆಕ್ ಡೈ ಹಾಕುವುದೋ?

ಹಳೇತಕ್ಕಡಿ:

ಎರಡೂ ಹಾಕಿ. ಒಂದೇ ಅಂದರೆ ಲೈಟ್. ಡೈ ಕೂಗಿದರೂ ಕೂಗದಿದ್ದರೂ ಗುಂಡು ಇಡುವ ಮೊದಲು ಪ್ರತಿ ಕೇಸ್ ಒಳಗೆ ಇಣುಕಿ.