ಫ್ರೆಂಚ್ ಕ್ರಿಯಾಪದ: ಆರು ರೂಪಗಳಲ್ಲಿ ಮೊದಲು ಯಾವುದು ಕಲಿಯಲಿ?

ಆನೆಗೊಂದಿ ಗೈಡ್:
ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಆನೆಗೊಂದಿಯವನು. ಗಗನ ಮಹಲ್, ರಂಗನಾಥ ಗುಡಿ, ಪಂಪಾ ಸರೋವರ, ಅಂಜನಾದ್ರಿ ತೋರಿಸೋ ಕೆಲಸ. ಚಳಿಗಾಲದ ಸೀಸನ್‌ನಲ್ಲಿ ಫ್ರಾನ್ಸಿನವರೂ ಬರುತ್ತಾರೆ. ಇಂಗ್ಲಿಷ್ ಬಾರದ ವಯಸ್ಸಾದವರು ಸಿಕ್ಕಾಗ ಅವರ ಭಾಷೆಯಲ್ಲೇ ನಾಲ್ಕು ಮಾತಾಡಬೇಕು ಅನ್ಸುತ್ತೆ. ಪುಸ್ತಕ ತಂದಿದ್ದೇನೆ. ಒಂದೊಂದು ಕ್ರಿಯಾಪದಕ್ಕೂ ಆರು ರೂಪ. ಬರೆಯೋದು ಒಂದು, ಓದೋದು ಇನ್ನೊಂದು. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಡೌಟು. ನಾವು ‘ಬರ್ತೀನಿ’ ಅಂದರೆ ಸಾಕು, ‘ನಾನು’ ಬೇಕಾಗಲ್ಲ. ಅಲ್ಲಿ ಯಾಕೆ ಪ್ರತಿ ಸಲ ‘ಝು’ (ನಾನು), ‘ವೂ’ (ನೀವು) ಅನ್ನಬೇಕು?

ಬಳ್ಳಾರಿ ಫ್ರೆಂಚ್ ಮೇಡಂ:
ಅಣ್ಣಾ, ನಿಮ್ಮ ಎರಡನೇ ಡೌಟಿನಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. (ಮೆಟ್ಟಿಲು) ‘ಹತ್ತು’ ಅನ್ನೋದಕ್ಕೆ ‘ಮೋಂತೇ’. ನಾನು: ಝು ಮೋಂತ್. ನೀನು: ತ್ಯು ಮೋಂತ್. ಅವನು: ಇಲ್ ಮೋಂತ್. ಅವಳು: ಎಲ್ ಮೋಂತ್. ಅವರು ಅಂದರೂ ಇಲ್ ಮೋಂತ್! ಬರೆಯುವಾಗ ಕೊನೆಯ ಅಕ್ಷರಗಳು ಬದಲಾಗುತ್ತವೆ, ಬಾಯಲ್ಲಿ ಬರಲ್ಲ. ನಮ್ಮಲ್ಲಿ ‘ತೀನಿ, ತೀಯ, ತಾನೆ, ತಾಳೆ’ ಕಿವಿಗೆ ಬೀಳುತ್ತೆ, ಹಾಗಾಗಿ ‘ನಾನು’ ಬಿಟ್ಟರೂ ನಡೆಯುತ್ತೆ. ಅಲ್ಲಿ ಬಿಟ್ಟರೆ ಯಾರು ಹತ್ತೋದು ಅಂತಲೇ ಗೊತ್ತಾಗಲ್ಲ.

ಹಾಗಾಗಿ ಟೇಬಲ್ ಬಾಯಿಪಾಠ ಮಾಡಬೇಡಿ, ಕಿವಿಯಿಂದ ಕಲಿಯಿರಿ. ‘ನಾವು’ ಅನ್ನೋದಕ್ಕೆ ಪುಸ್ತಕದಲ್ಲಿ ‘ನೂ ಮೋಂತೋಂ’ ಇರುತ್ತೆ, ಆದರೆ ಮಾತಿನಲ್ಲಿ ಜಾಸ್ತಿ ‘ಓಂ ಮೋಂತ್’ ಅಂತಾರೆ. ‘ನೀವು’ ಅಂದರೆ ‘ವೂ ಮೋಂತೇ’. ಪ್ರವಾಸಿ ಒಬ್ಬರೇ ಇದ್ದರೂ ವೂ. ನಮ್ಮ ಮರ್ಯಾದೆಯೇ ಅಲ್ವಾ, ಅದನ್ನು ಹೊಸದಾಗಿ ಕಲಿಯಬೇಕಿಲ್ಲ.

ಅಂದರೆ ಮೋಂತ್, ಮೋಂತೇ ಎರಡೇ ಸದ್ದು. ಮಾರ್ಶೇ (ನಡೆ), ರಗಾರ್ದೇ (ನೋಡು), ಪಾರ್ಲೇ (ಮಾತಾಡು) ಎಲ್ಲಾ ಇದೇ ದಾರಿ. ಫ್ರೆಂಚ್ ಕ್ರಿಯಾಪದಗಳಲ್ಲಿ ಬಹುಪಾಲು ಈ ಗುಂಪಿನವೇ. ಬರವಣಿಗೆ ಆಮೇಲೆ ನೋಡಿಕೊಳ್ಳಿ.

ರಾಯಚೂರು ಓದುಗ:
ಮೇಡಂ ಹೇಳಿದ್ದು ಸರಿ. ಆದರೆ ಪರೀಕ್ಷೆ ಬರೆಯೋರಿಗೆ ಟೇಬಲ್ ಬೇಕೇ ಬೇಕು. ಮತ್ತೆ ಇರು, ಹೊಂದಿರು, ಹೋಗು ಈ ಮೂರಕ್ಕೆ ದಾರಿಯೇ ಬೇರೆ. ಅವನ್ನು ಎಲ್ಲರೂ ಬಾಯಿಪಾಠ ಮಾಡಲೇಬೇಕು.

ಆನೆಗೊಂದಿ ಗೈಡ್:
ಅಂಜನಾದ್ರಿಯಲ್ಲಿ 575 ಮೆಟ್ಟಿಲು. ‘ಈಗ ಹತ್ತೋಣ, ಆಮೇಲೆ ಇಳಿಯೋಣ’ ಹೇಗೆ ಹೇಳಲಿ?

ಬಳ್ಳಾರಿ ಫ್ರೆಂಚ್ ಮೇಡಂ:
ಮೂರರಲ್ಲಿ ‘ಹೋಗು’ ಮೊದಲು ಕಲಿಯಿರಿ: ಝು ವೇ, ತ್ಯು ವಾ, ಓಂ ವಾ, ವೂ ಝಾಲೇ. ಅದರ ಮುಂದೆ ಮೂಲ ರೂಪ ಇಟ್ಟರೆ ಮುಂದೆ ಆಗೋದನ್ನು ಹೇಳಬಹುದು. ‘ಓಂ ವಾ ಮೋಂತೇ’: ನಾವು ಹತ್ತುತ್ತೇವೆ. ಮೂಲ ರೂಪಕ್ಕೂ ‘ವೂ’ ರೂಪಕ್ಕೂ ಸದ್ದು ಒಂದೇ, ಹೊಸದೇನೂ ಬೇಕಿಲ್ಲ.

ಇಳಿಯೋದು ಬೇರೆ ಗುಂಪು, ಮೂಲ ರೂಪ ‘ದೆಸಾಂದ್ರ್’. ‘ಓಂ ದೆಸಾಂ’ ಅಂದರೆ ನಾವು ಇಳಿಯುತ್ತೇವೆ, ಕೊನೆಯ ‘ದ್’ ಕೇಳಿಸಲ್ಲ. ‘ವೂ ದೆಸಾಂದೇ’ ಅಂದಾಗ ಕೇಳಿಸುತ್ತೆ. ವಯಸ್ಸಾದವರಿಗೆ ಕೊನೆಯಲ್ಲಿ ‘ದುಸ್ಮಾಂ’, ಅಂದರೆ ನಿಧಾನವಾಗಿ, ಸೇರಿಸಿ: ವೂ ದೆಸಾಂದೇ ದುಸ್ಮಾಂ. ಹಿಂದಿನ ಕಾಲ ಸದ್ಯಕ್ಕೆ ಬೇಡ.