ಅಪ್‌ಡೇಟ್: ಸಮರೂಪ ತ್ರಿಭುಜ ಮಗಳಿಗೆ ಕೊನೆಗೂ ಅರ್ಥ ಆಯ್ತು

ಹತ್ತನೇ ಕ್ಲಾಸಿನ ಮಗಳು ಸರ್ವಸಮ (ಆಕಾರ, ಅಳತೆ ಎರಡೂ ಒಂದೇ), ಸಮರೂಪ (ಆಕಾರ ಒಂದೇ, ಅಳತೆ ಬೇರೆ ಇರಬಹುದು) ಎರಡನ್ನೂ ಒಂದೇ ಅಂತ ಕಲಸಿಕೊಳ್ತಾಳೆ, ಹೇಗೆ ಹೇಳಿಕೊಡಲಿ ಅಂತ ಕೇಳಿದ್ದೆ. ಕೋಲು ಮತ್ತು ಅದರ ನೆರಳು, ಕಂಬ ಮತ್ತು ಅದರ ನೆರಳು ಒಂದೇ ಹೊತ್ತಿಗೆ ಸಮರೂಪ ತ್ರಿಭುಜ ಆಗ್ತವೆ, ನೆರಳು ಅಳೆಸಿ ಅಂದಿದ್ರಿ. ಅಳೆಸಿದ್ವಿ.

ಮೊದಲ ದಿನ ಎಡವಟ್ಟು. ಸಂಜೆ ನಾಲ್ಕಕ್ಕೆ 1 ಮೀಟರ್ ಕೋಲಿನ ನೆರಳು 1.4 ಮೀಟರ್ ಬಂತು. ಚಾ ಕುಡಿದು, ಅರ್ಧ ತಾಸು ಬಿಟ್ಟು ಮನೆ ಮುಂದಿನ ಕರೆಂಟ್ ಕಂಬದ ನೆರಳು ಅಳೆದ್ರೆ ಕಂಬ 9 ಮೀಟರ್ ಅಂತ ಲೆಕ್ಕ ಬಂತು! "ಅಪ್ಪಾ, ಸೂರ್ಯ ಇಳದಾನಲ್ಲ, ಕೋನ ಬದಲಾತು" ಅಂದ್ಲು ಅವಳೇ. ಕೋನ ಸಮ ಇದ್ರೇನೇ ಸಮರೂಪ ಅನ್ನೋದು ಅಲ್ಲೇ ತಲೆಗೆ ಹೋಯ್ತು. ನಾನು ಬೋರ್ಡ್ ಮೇಲೆ ನೂರು ಸಲ ಬರೆದ್ರೂ ಹೋಗ್ತಿರಲಿಲ್ಲ.

ಮರುದಿನ ಎರಡನ್ನೂ ಒಟ್ಟಿಗೇ ಅಳೆದ್ವಿ. ಕೋಲಿನ ನೆರಳು 1.4, ಕಂಬದ್ದು 9.35. ಭಾಗಿಸಿದ್ರೆ ಸುಮಾರು 6.7 ಮೀಟರ್. ಲೈನ್‌ಮ್ಯಾನ್ ಅಣ್ಣನ್ನ ಕೇಳಿದ್ರೆ "ಇದು 8 ಮೀಟರ್ ಕಂಬ ರೀ" ಅಂದ. ಮಗಳ ಮುಖ ಸಪ್ಪಗಾಯ್ತು. ಆಮೇಲೆ ನಕ್ಕು, "ಆರನೇ ಒಂದು ಭಾಗ ನೆಲದಾಗ ಹೂತಿರ್ತದವ್ವ" ಅಂದ. 8ರಲ್ಲಿ 1.33 ಕಳೆದ್ರೆ 6.67. ಕುಣಿದಾಡಿಬಿಟ್ಲು.

ಬಾಹು ಇಮ್ಮಡಿಯಾದ್ರೆ ವಿಸ್ತೀರ್ಣ ನಾಲ್ಕು ಪಟ್ಟು ಯಾಕೆ ಅನ್ನೋದನ್ನ ಅವರಜ್ಜಿ ಬಗೆಹರಿಸಿದ್ರು. ಅಷ್ಟೇ ದಪ್ಪದ ಜೋಳದ ರೊಟ್ಟಿ, ಅಗಲ ಎರಡು ಪಟ್ಟು ಬೇಕಂದ್ರೆ ಒಂದು ಮುಷ್ಟಿ ಹಿಟ್ಟಿನ ಬದಲು ನಾಲ್ಕು ಮುಷ್ಟಿ ಬೇಕು. ಥೇಲ್ಸ್ ಪ್ರಮೇಯದ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನ ಒಂದೇ ಅನುಪಾತದಲ್ಲಿ ಭಾಗಿಸ್ತದೆ ಅನ್ನೋದು) ಸಾಧನೆ ಮಾತ್ರ ಇನ್ನೂ ಬಾಕಿ, ಈ ರವಿವಾರ ಅದಕ್ಕೇ ಕೂರ್ತೀವಿ.